ಮೂರನೇ ಕೋಣೆಯ ಹಾಟ್‌ಲೈನ್

ಆ ಶುಕ್ರವಾರದ ಕಥೆಯನ್ನು ನಮ್ಮ ಕಂಪನಿಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರಲ್ಲಿ ಯಾರೂ ಮೂರನೇ ಕೋಣೆಯ ಒಳಗಿರಲಿಲ್ಲ. ಒಳಗಿದ್ದವರು ಇಬ್ಬರೇ. ಒಬ್ಬರಿಗೆ ಕೊನೆಕೊನೆಗೆ ಮಾತಾಡುವಷ್ಟು ಉಸಿರಿರಲಿಲ್ಲ. ಇನ್ನೊಬ್ಬ ನಾನು. ಆದ್ದರಿಂದ ನಾನು ಕಂಡದ್ದನ್ನು ಕಂಡದ್ದೆಂದೂ, ಆಮೇಲೆ ಕೇಳಿ ತಿಳಿದದ್ದನ್ನು ಕೇಳಿದ್ದೆಂದೂ ಬೇರೆ ಮಾಡಿಯೇ ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ನಮ್ಮ ಯಜಮಾನರ ಕೋಲ್ಡ್ ಸ್ಟೋರೇಜ್ ಇತ್ತು. ಆಲೂಗಡ್ಡೆಯೇ ಅಲ್ಲಿನ ಮುಖ್ಯ ಸರಕು. ಅಟ್ಟದ ಮೇಲೆ ಅಟ್ಟ ಹಾಕಿದ ಎತ್ತರದ ಕೋಣೆಗಳು, ಮೇಲಿನವರೆಗೂ ಗೋಣಿಚೀಲ, ಒಳಗೆ ಫ್ಯಾನುಗಳ ಸದ್ದು, ಮೂಗಿಗೆ ಸದಾ ಒಂದಿಷ್ಟು ಅಮೋನಿಯಾ. ನಾನು ಅಲ್ಲಿ ಸ್ಟಾಕ್ ಗುಮಾಸ್ತ. ಹೆಡ್ ಆಫೀಸು ಆರ್.ಟಿ. ನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಯಜಮಾನರು ಕೂರುತ್ತಿದ್ದುದು ಅಲ್ಲಿ. ಕೋಲ್ಡ್ ಸ್ಟೋರೇಜಿಗೆ ಮ್ಯಾನೇಜರಾಗಿದ್ದವರು ಯಜಮಾನರ ಹೆಂಡತಿಯ ತಮ್ಮ. ಓದಿದವರು, ಒಳ್ಳೆಯವರು, ಯಾವಾಗಲೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಷರ್ಟು. ಅವರಿಗೆ ಉಬ್ಬಸವಿತ್ತು. ಉಬ್ಬಸವಿದ್ದವರನ್ನು ಕೋಲ್ಡ್ ಸ್ಟೋರೇಜಿಗೆ ಯಾಕೆ ಹಾಕಿದರು ಎಂದು ಯಾರೂ ಕೇಳಲಿಲ್ಲ. ಕುಟುಂಬದ ವ್ಯವಹಾರದಲ್ಲಿ ಖಾಲಿ ಇದ್ದ ಕುರ್ಚಿ ಅದೊಂದೇ.

ಮ್ಯಾನೇಜರು ಒಮ್ಮೆ ಯಾವುದೋ ಹೋಟೆಲಿನಲ್ಲಿ ನಡೆದ ವಿಚಾರ ಸಂಕಿರಣಕ್ಕೆ ಹೋಗಿಬಂದರು. ವ್ಯಾಪಾರದಲ್ಲಿ ದೂರಸಂಪರ್ಕದ ಪಾತ್ರ ಎಂಬುದು ವಿಷಯ. ಮಧ್ಯಾಹ್ನದ ಊಟ ಚೆನ್ನಾಗಿತ್ತಂತೆ. ಹಿಂದಿರುಗಿದ ಮೇಲೆ ಅವರಿಗೆ ಜಾಲದ ಹಂಬಲ ಹತ್ತಿತು. ಟೈ ಕಟ್ಟಿದ ಒಬ್ಬ ಸಲಹೆಗಾರರು ಬಂದರು. ಹೆಡ್ ಆಫೀಸಿನಲ್ಲಿ ನಮ್ಮೆಲ್ಲರನ್ನೂ ಕೂರಿಸಿ, ಕಪ್ಪು ಹಲಗೆಯ ಮೇಲೆ ಸೊನ್ನೆಗಳನ್ನು ಬರೆದು, ಅವುಗಳ ನಡುವೆ ಗೆರೆ ಎಳೆದು ಮೂಲಪಾಠ ಹೇಳಿದರು. ಕಳಿಸುವವನು ಒಬ್ಬ, ಪಡೆಯುವವನು ಒಬ್ಬ, ನಡುವೆ ಒಂದು ದಾರಿ, ಇಬ್ಬರೂ ಒಪ್ಪಿದ ಒಂದು ರೀತಿ. ಸಂದೇಶ ತಲುಪಿದ ಮೇಲೆ ತಲುಪಿತು ಎಂದು ಹಿಂದಿರುಗಿ ಹೇಳುವ ಒಂದು ಉತ್ತರ.

ಆ ಕೊನೆಯದು ಯಜಮಾನರಿಗೆ ಬಹಳ ಹಿಡಿಸಿತು. "ಅಂದ್ರೆ ಮಿಷನ್ನೇ ಬಂತು ಅಂತ ಹೇಳುತ್ತಾ?" ಎಂದು ಕೇಳಿದರು.

"ಹೌದು ಸರ್. ತಾನೇ ಹೇಳುತ್ತೆ. ಯಾರೂ ಏನೂ ಒತ್ತಬೇಕಾಗಿಲ್ಲ."

"ಇವರಿಗೆ ಹತ್ತು ಸಲ ಹೇಳಿದ್ರೂ ಹೂಂ ಅನ್ನಲ್ಲ. ಇದು ವಾಸಿ ಬಿಡಿ," ಎಂದು ಯಜಮಾನರು ನಮ್ಮ ಕಡೆ ನೋಡಿದರು. ನಾವು ಹೂಂ ಎಂದೆವು.

ಸೊನ್ನೆಗಳನ್ನು ಯಾವ ರೀತಿ ಜೋಡಿಸಬೇಕು ಎಂಬ ಪ್ರಶ್ನೆ ಬಂದಾಗ ಸಲಹೆಗಾರರು ಎರಡು ಮೂರು ಚಿತ್ರ ಬರೆದರು. ಒಂದರಲ್ಲಿ ಎಲ್ಲ ಸೊನ್ನೆಗಳೂ ಒಂದಕ್ಕೊಂದು ಮಾತಾಡುತ್ತಿದ್ದವು. ಇನ್ನೊಂದರಲ್ಲಿ ನಡುವೆ ಒಂದು ದೊಡ್ಡ ಸೊನ್ನೆ, ಉಳಿದ ಸಣ್ಣ ಸೊನ್ನೆಗಳೆಲ್ಲ ಅದರ ಜೊತೆ ಮಾತ್ರ. ಮ್ಯಾನೇಜರು ಎರಡನೆಯದನ್ನು ಆರಿಸಿದರು. "ಅವರವರೇ ಮಾತಾಡ್ಕೊಂಡ್ರೆ ನಮಗೇನ್ರೀ ಗೊತ್ತಾಗುತ್ತೆ? ಎಲ್ಲಾ ಭಾವನ ಮೂಲಕವೇ ಹೋಗ್ಲಿ," ಎಂದರು. ಯಜಮಾನರ ಮನೆಯಲ್ಲಿ ಅಡುಗೆಮನೆಯಿಂದ ಹಿತ್ತಲಿಗೆ ಒಂದು ಮಾತು ಹೋಗಬೇಕಾದರೂ ಹಜಾರದಲ್ಲಿ ಕೂತ ಅಜ್ಜಿಯ ಮೂಲಕವೇ ಹೋಗುತ್ತಿತ್ತಂತೆ. ಹಾಗಾಗಿ ಇದು ಆ ಕುಟುಂಬಕ್ಕೆ ಹೊಸ ತಂತ್ರಜ್ಞಾನವೇನಲ್ಲ. ತಂತಿ ಎಳೆದದ್ದಷ್ಟೇ ಹೊಸತು.

ಯಶವಂತಪುರದಿಂದ ಆರ್.ಟಿ. ನಗರಕ್ಕೆ ಎರಡು ಖಾಸಗಿ ಲೈನುಗಳು ಬಾಡಿಗೆಗೆ ಬಂದವು. ಒಂದು ಮಾತಿಗೆ, ಒಂದು ಕಂಪ್ಯೂಟರಿಗೆ. ಮಾತಿನ ಲೈನಿಗೆ ಹಾಟ್‌ಲೈನ್ ಎಂದು ಹೆಸರು. ಪ್ರತಿ ಕೋಣೆಯ ಒಳಗೂ ಬಾಗಿಲ ಪಕ್ಕದಲ್ಲಿ ಡಯಲ್ ಇಲ್ಲದ ಒಂದು ಫೋನು. ಎತ್ತಿದರೆ ಸಾಕು, ಹೆಡ್ ಆಫೀಸಿನ ಬೋರ್ಡಿನಲ್ಲಿ ಗಂಟೆ ಹೊಡೆಯುತ್ತಿತ್ತು. ನಾನು ಕೋಣೆಯೊಳಗೇ ನಿಂತು ಚೀಲಗಳ ಲೆಕ್ಕ ಕೊಡಬೇಕು, ಅಲ್ಲಿ ಆಪರೇಟರ್ ಮೇಡಂ ಅದನ್ನು ಕಂಪ್ಯೂಟರಿಗೆ ಹಾಕಬೇಕು. ಆಮೇಲೆ ಅದೇ ಲೆಕ್ಕ ಇನ್ನೊಂದು ಲೈನಿನಲ್ಲಿ ಯಶವಂತಪುರಕ್ಕೆ ಹಿಂದಿರುಗಿ, ಮ್ಯಾನೇಜರ ಯಂತ್ರದ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಮೂಡುತ್ತಿತ್ತು. ನಾನು ನಿಂತ ಕೋಣೆಗೂ ಮ್ಯಾನೇಜರು ಕೂರುವ ಯಂತ್ರದ ಕೋಣೆಗೂ ನಡುವೆ ಒಂದು ಜಗಲಿ ಮಾತ್ರ ಇತ್ತು. ಕೂಗಿದರೆ ಕೇಳುತ್ತಿತ್ತು. ಆದರೆ ಕೂಗುವುದು ಹಳೇ ಪದ್ಧತಿಯಾಗಿತ್ತು.

ಯಂತ್ರದ ಕೋಣೆಗೆ ಏರ್‌ಕಂಡೀಷನ್. ಚಪ್ಪಲಿ ಹೊರಗೆ. ಮೋಡೆಮ್ ಎಂಬ ಪೆಟ್ಟಿಗೆಯ ಹಣೆಗೆ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ವರ್ಷವಿಡೀ ಹಾಗೇ ಇರುತ್ತಿತ್ತು. ಧೂಳು ಒಳಗೆ ಹೋಗುತ್ತದೆಂದು ಆ ಕೋಣೆಗೆ ಸದಾ ಬೀಗ. ಬೀಗದ ಕೈ ಮ್ಯಾನೇಜರ ಹತ್ತಿರ ಮಾತ್ರ, ಯಂತ್ರ ಮುಟ್ಟುವವರೂ ಅವರು ಮಾತ್ರ.

ಕೋಲ್ಡ್ ಸ್ಟೋರೇಜಿನಲ್ಲಿ ಮೊದಲಿನಿಂದ ಇದ್ದ ಸಾಮಾನ್ಯ ಫೋನ್ ಏನಾಯಿತು ಎಂದು ನೀವು ಕೇಳಬಹುದು. ಆ ಕಾಲದಲ್ಲಿ ಒಂದು ಫೋನಿಗೆ ಅರ್ಜಿ ಹಾಕಿದವರು ಮಗಳು ಹುಟ್ಟಿದಾಗ ಹಾಕಿ ಮದುವೆಯ ಹೊತ್ತಿಗೆ ಪಡೆಯುತ್ತಿದ್ದರು. ಹಾಟ್‌ಲೈನ್ ಬಂದ ಮೇಲೆ ಇದು ಯಾಕೆ ಸುಮ್ಮನೆ ಎಂದು ಮ್ಯಾನೇಜರು ಅದನ್ನು ತಮ್ಮ ಮನೆಗೆ ವರ್ಗ ಮಾಡಿಸಿಕೊಂಡಿದ್ದರು. ಜಾಲ ಪೂರ್ಣವಾಯಿತು.

ಇನ್ನು ಬಾಗಿಲಿನ ವಿಷಯ. ಕೋಲ್ಡ್ ಸ್ಟೋರೇಜಿನ ಬಾಗಿಲು ಅಂದರೆ ಮೊಳದಷ್ಟು ದಪ್ಪ, ನಡುವೆ ಥರ್ಮಕೋಲು. ಚಿಲಕ ಹೊರಗಡೆ ಮಾತ್ರ. ತೆರೆದ ಬಾಗಿಲು ಕಂಡರೆ ಯಜಮಾನರಿಗೆ ಕರೆಂಟು ಬಿಲ್ಲು ಕಂಡಂತಾಗುತ್ತಿತ್ತು. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು: ಯಾರೇ ಆಗಲಿ, ಹಾದುಹೋಗುವಾಗ ಬಾಗಿಲು ತೆರೆದಿದ್ದರೆ ದೂಡಿ ಚಿಲಕ ಇಳಿಸಬೇಕು, ಪಕ್ಕದ ಲೈಟಿನ ಸ್ವಿಚ್ಚನ್ನೂ ಆರಿಸಬೇಕು. ಆಮೇಲೆ ಮಾತು. ಹಮಾಲಿಗಳಿಗೆ, ಕಾವಲುಗಾರನಿಗೆ, ನನಗೆ, ಎಲ್ಲರ ಕೈಗೂ ಇದು ಅಭ್ಯಾಸವಾಗಿಹೋಗಿತ್ತು. ಕೈ ದೂಡುತ್ತಿತ್ತು, ತಲೆ ಬೇರೇನೋ ಯೋಚಿಸುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ಹಮಾಲಿಗಳೆಲ್ಲ ನಮಾಜಿಗೆ ಹೋಗಿದ್ದರು. ಯಂತ್ರದ ಪರದೆಯ ಮೇಲೆ ಬಂದ ಲೆಕ್ಕಕ್ಕೂ ಮೂರನೇ ಕೋಣೆಯ ಚೀಲಗಳಿಗೂ ತಾಳೆಯಾಗುತ್ತಿಲ್ಲ ಎಂದು ಮ್ಯಾನೇಜರು ಸ್ವತಃ ನೋಡಲು ಬಂದರು. ನಾವಿಬ್ಬರೂ ಎರಡನೇ ಅಟ್ಟದ ಹಿಂಬದಿಗೆ ಹೋಗಿ ಎಣಿಸುತ್ತಿದ್ದೆವು. ಬಾಗಿಲಿನಿಂದ ನಾವು ಕಾಣುವಂತಿರಲಿಲ್ಲ. ಇದ್ದಕ್ಕಿದ್ದಂತೆ ಕೆಳಗೆ ದಪ್ ಎಂಬ ಸದ್ದು ಕೇಳಿಸಿತು. ಅದರ ಹಿಂದೆಯೇ ಕತ್ತಲಾಯಿತು.

"ಯಾರ್ರೀ ಅದು, ಲೈಟ್ ಆರಿಸಿದ್ದು?" ಎಂದು ಮ್ಯಾನೇಜರು ಕೂಗಿದರು. ಫ್ಯಾನುಗಳು ಉತ್ತರ ಕೊಟ್ಟವು.

ಏಣಿ ತಡವಿಕೊಂಡು ಕೆಳಗಿಳಿದೆವು. ಬಾಗಿಲು ಬಡಿದೆವು. ಆ ಬಾಗಿಲನ್ನು ಒಳಗಿನಿಂದ ಬಡಿಯುವುದೆಂದರೆ ಹಾಸಿಗೆಯನ್ನು ಬಡಿದ ಹಾಗೆ. ನನಗೆ ಆಗಲೇ ಭಯ ಶುರುವಾಗಿತ್ತು. ಮ್ಯಾನೇಜರಿಗೆ ಆಗಿರಲಿಲ್ಲ. "ಹೆದರ್ಬೇಡಿ. ಇದಕ್ಕೇ ತಾನೇ ಹಾಟ್‌ಲೈನ್ ಹಾಕಿಸಿರೋದು," ಎಂದು ಕತ್ತಲಲ್ಲಿ ಗೋಡೆ ತಡವಿ ಫೋನ್ ಎತ್ತಿದರು. ನಾನು ಕಿವಿಯನ್ನು ರಿಸೀವರಿಗೆ ಹತ್ತಿರ ಹಿಡಿದು ನಿಂತೆ. ಮುಂದಿನ ಮಾತುಗಳನ್ನು ನಾನೇ ಕೇಳಿದ್ದೇನೆ.

"ಹೇಳಿ ಮೂರನೇ ಕೋಣೆ, ಎಷ್ಟು ಚೀಲ?" ಎಂದರು ಆಪರೇಟರ್ ಮೇಡಂ.

"ಚೀಲ ಅಲ್ಲ ಮೇಡಂ, ನಾನು. ಒಳಗೆ ಸಿಕ್ಕಾಕ್ಕೊಂಡಿದೀವಿ. ಯಾರೋ ಹೊರಗಿನಿಂದ ಚಿಲಕ ಹಾಕಿದಾರೆ. ತೆಗೆಸಿ."

"ಅಯ್ಯೋ ಸಾರ್. ಯಾರಿಗೆ ಹೇಳ್ಲಿ?"

"ಕೋಲ್ಡ್ ಸ್ಟೋರೇಜಿಗೆ ಹೇಳಿ."

"ಕೋಲ್ಡ್ ಸ್ಟೋರೇಜಿಗೆ ಹೇಳೋಕೆ ಇರೋದೇ ಈ ಫೋನ್ ಅಲ್ವಾ ಸಾರ್."

ಮ್ಯಾನೇಜರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ಭಾವನಿಗೆ ಕೊಡಿ," ಎಂದರು.

ಯಜಮಾನರು ಜಲಂಧರಿಗೆ ಬುಕ್ ಮಾಡಿದ್ದ ಟ್ರಂಕ್ ಕಾಲಿನಲ್ಲಿದ್ದರು. ಬಿತ್ತನೆ ಆಲೂಗಡ್ಡೆಯ ವಿಷಯ. ಬೆಳಗಿನಿಂದ ಕಾದು ಆಗತಾನೇ ಸಿಕ್ಕಿದ ಕಾಲು. ಅದರ ನಡುವೆ ಬಾಯಿ ಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೂ ಮೇಡಂ ಎದ್ದು ಹೋಗಿ ಬಾಗಿಲ ಸಂದಿಯಿಂದ ವಿಷಯ ಹೇಳಿದರಂತೆ. ಅದು ಕೇಳಿ ತಿಳಿದದ್ದು. ಯಜಮಾನರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಮಿಷನ್‌ಗೆ ಹಾಕಮ್ಮಾ. ಅದಕ್ಕೇ ತಂದಿರೋದು," ಎಂದು ಮತ್ತೆ ಜಲಂಧರಿಗೆ ಹೋದರಂತೆ.

ಮೇಡಂ ಮತ್ತೆ ಲೈನಿಗೆ ಬಂದರು. "ಮಿಷನ್‌ಗೆ ಹಾಕ್ತೀನಿ ಸಾರ್. ಹೇಗೆ ಬರೀಲಿ?"

ಮ್ಯಾನೇಜರು ಚಳಿಯಲ್ಲೂ ವಾಕ್ಯ ರಚಿಸಿದರು. ಮೂರನೇ ಕೋಣೆಯಲ್ಲಿ ಇಬ್ಬರು ಸಿಬ್ಬಂದಿ ಅಕಸ್ಮಾತ್ ಉಳಿದುಕೊಂಡಿರುವುದರಿಂದ ದಯವಿಟ್ಟು ಕೂಡಲೇ ಬಾಗಿಲು ತೆರೆಯುವುದು. ಇಂಗ್ಲಿಷಿನಲ್ಲಿ, ತುರ್ತು ಎಂದು ಮೇಲೆ ಹಾಕಿ. ಮೇಡಂ ಒಂದೊಂದೇ ಕೀಲಿ ಒತ್ತುವುದು ಕೇಳಿಸುತ್ತಿತ್ತು. ಫ್ಯಾನಿನ ಗಾಳಿ ನೇರ ನಮ್ಮ ಬೆನ್ನಿಗೆ ಬರುತ್ತಿತ್ತು. ನನ್ನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಹೋಯ್ತು ಸಾರ್. ರಿಸೀವ್ಡ್ ಅಂತ ಬಂತು."

"ನೋಡಿದ್ರಾ," ಎಂದು ಮ್ಯಾನೇಜರು ಕತ್ತಲಲ್ಲಿ ನನ್ನ ತೋಳು ತಟ್ಟಿದರು. "ಯಶವಂತಪುರದಿಂದ ಆರ್.ಟಿ. ನಗರ, ಅಲ್ಲಿಂದ ಮತ್ತೆ ಯಶವಂತಪುರ. ಎಷ್ಟು ಬೇಗ ನೋಡಿ. ಬಸ್ಸಲ್ಲಿ ಹೋಗಿದ್ರೆ ಇನ್ನೂ ಮೇಕ್ರಿ ಸರ್ಕಲ್ಲಲ್ಲಿ ಇರ್ತಿದ್ವಿ."

ನಾವು ಕಾದೆವು. ನಾನು ಕೇಳಬಾರದಿತ್ತೇನೋ, ಆದರೂ ಕೇಳಿದೆ: "ಸಾರ್, ಮಿಷನ್ ಮುಂದೆ ಯಾರಿದಾರೆ?"

ಅವರು ಪ್ಯಾಂಟಿನ ಜೇಬಿಗೆ ಕೈ ಹಾಕಿದ್ದು ತಿಳಿಯಿತು. ಬೀಗದ ಕೈಗಳು ಒಂದಕ್ಕೊಂದು ತಾಗಿದ ಸಣ್ಣ ಸದ್ದು ಬಂತು. ಅಲ್ಲಿ ಜಗಲಿಯ ಆಚೆ, ಏರ್‌ಕಂಡೀಷನ್ ಕೋಣೆಯಲ್ಲಿ, ಬೀಗ ಹಾಕಿದ ಬಾಗಿಲಿನ ಹಿಂದೆ ನಮ್ಮ ಸಂದೇಶ ಹಸಿರು ಅಕ್ಷರದಲ್ಲಿ ಬೆಳಗುತ್ತಿತ್ತು. ಅದನ್ನು ಓದಬೇಕಾದವರು ನನ್ನ ಪಕ್ಕದಲ್ಲಿ ನಿಂತಿದ್ದರು. ತಲುಪಿದೆ ಎಂದು ಯಂತ್ರ ಹೇಳಿದ್ದು ಸುಳ್ಳಲ್ಲ. ಯಂತ್ರಕ್ಕೆ ತಲುಪಿತ್ತು.

"ನನ್ನ ಮಾತ್ರೆ ಚೀಲಾನೂ ಅಲ್ಲೇ ಇದೆ," ಎಂದರು ಮ್ಯಾನೇಜರು. ಅವರ ದನಿಯಲ್ಲಿ ಮೊದಲ ಬಾರಿಗೆ ಆ ಸಣ್ಣ ಸೀಟಿ ಕೇಳಿಸಿತು. ಉಬ್ಬಸದವರ ಎದೆಯಿಂದ ಬರುವ ಸೀಟಿ. ಚಳಿಗೆ ನಾನು ನಡುಗುತ್ತಿದ್ದೆ ನಿಜ, ಆದರೆ ಆ ಸದ್ದು ಕೇಳಿದ ಮೇಲೆ ನನಗೆ ನನ್ನ ಚಳಿ ಮರೆತುಹೋಯಿತು. ನನಗಾದರೆ ಸಾಯಂಕಾಲದವರೆಗೂ ಕುಣಿಯುತ್ತಾ ಹೇಗೋ ತಡೆದುಕೊಳ್ಳಬಹುದಿತ್ತು. ಅವರಿಗೆ ಅಷ್ಟು ಹೊತ್ತು ಇರಲಿಲ್ಲ.

"ಮೇಡಂ, ಮಿಷನ್ ಹತ್ರ ಯಾರೂ ಇಲ್ಲ. ನಮ್ಮ ಮನೆಗೆ ಫೋನ್ ಮಾಡಿ," ಎಂದರು.

ಮೇಡಂ ಬೋರ್ಡಿನ ಇನ್ನೊಂದು ಫೋನಿನಿಂದ ಅವರ ಮನೆಗೆ ಮಾಡಿದರು. ಎರಡೂ ರಿಸೀವರುಗಳನ್ನು ಅಕ್ಕಪಕ್ಕ ಹಿಡಿದಿದ್ದರು ಅಂತ ಕಾಣುತ್ತದೆ, ಮ್ಯಾನೇಜರ ಹೆಂಡತಿಯ ದನಿ ನಮಗೆ ದೂರದಿಂದ ಕೇಳುತ್ತಿತ್ತು.

"ಅವರು ಮನೇಲಿಲ್ಲಮ್ಮಾ. ಕೋಲ್ಡ್ ಸ್ಟೋರೇಜಿಗೆ ಹೋಗಿದಾರೆ. ಅಲ್ಲಿಗೇ ಮಾಡಿ."

"ಅಲ್ಲಿಗೇ ಮಾಡೋದಕ್ಕೆ ಇದ್ದ ಫೋನೇ ಇದು ಮೇಡಂ," ಎಂದರು ಆಪರೇಟರು. ಅದನ್ನು ಬೇಕೆಂದೇ ಹೇಳಿದರೋ ಬಾಯಿ ತಪ್ಪಿತೋ ನಾನು ಹೇಳಲಾರೆ.

"ಹಾಗಾದ್ರೆ ಅವರು ಸಿಕ್ಕಿದಾಗ ಕೇಳಿ, ಊಟಕ್ಕೆ ಬರ್ತಾರಾ ಅಂತ. ಸಾರು ಬಿಸಿ ಮಾಡ್ಬೇಕು."

ಮ್ಯಾನೇಜರು ಗೋಡೆಗೆ ಒರಗಿದರು. "ಬರ್ತೀನಿ ಅನ್ನಿ," ಎಂದರು. "ಬೇರೇನೂ ಹೇಳ್ಬೇಡಿ. ಗಾಬರಿ ಆಗ್ತಾಳೆ." ಅಷ್ಟು ಹೇಳಲು ಅವರು ಮೂರು ಕಡೆ ನಿಲ್ಲಿಸಿ ಉಸಿರು ತೆಗೆದುಕೊಂಡರು.

"ಸಾರ್, ಬೆಂಕಿ ಆರಿಸೋರಿಗೆ ಫೋನ್ ಮಾಡ್ಲಾ?"

"ಬೇಡ. ಪೇಪರಲ್ಲಿ ಬರುತ್ತೆ. ಸಾಲ ಕೊಟ್ಟಿರೋ ಬ್ಯಾಂಕಿನೋರು ಓದ್ತಾರೆ."

ಆಮೇಲೆ ಅವರು ಕೆಳಗೆ ಕೂತುಬಿಟ್ಟರು. ರಿಸೀವರ್ ನನ್ನ ಕೈಗೆ ಬಂತು. ಖಾಲಿ ಗೋಣಿಚೀಲಗಳನ್ನು ತಡವಿ ತಂದು ಅವರ ಹೆಗಲಿಗೆ, ಎದೆಗೆ ಹೊದಿಸಿದೆ. ಸೀಟಿ ಈಗ ಫ್ಯಾನಿನ ಸದ್ದನ್ನೂ ದಾಟಿ ಕೇಳುತ್ತಿತ್ತು. ಉಸಿರು ಒಳಗೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಇನ್ನೊಂದು. ನಡುವೆ ಏನೂ ಇಲ್ಲದ ಒಂದು ಜಾಗ. ಆ ಜಾಗ ದೊಡ್ಡದಾಗುತ್ತಾ ಹೋಗುತ್ತಿತ್ತು. ಪ್ರತಿ ಸಲವೂ ನಾನು ನನ್ನ ಉಸಿರು ಹಿಡಿದು ಅವರದಕ್ಕೆ ಕಾಯುತ್ತಿದ್ದೆ.

ನಾನು ಫೋನಿನಲ್ಲಿ ಹೇಳಿದೆ: "ಮೇಡಂ, ಇವರಿಗೆ ಉಸಿರಾಡೋಕೆ ಆಗ್ತಿಲ್ಲ. ಉತ್ತರ ಕೊಡ್ತಿಲ್ಲ."

ಆ ಕಡೆ ಕುರ್ಚಿ ಎಳೆದ ಸದ್ದು ಬಂತು. ಆಮೇಲೆ, "ಲೈನಲ್ಲೇ ಇರಿ, ಇಡಬೇಡಿ," ಎಂದರು. ಪಕ್ಕದ ಫೋನಿನ ಡಯಲ್ ತಿರುಗುವುದು ಕೇಳಿಸಿತು. ತಿರುಗಿ ಹಿಂದೆ ಬರುವುದು, ಮತ್ತೆ ತಿರುಗುವುದು. ಒಂದು ನಂಬರ್ ತಿರುಗಿಸಲು ಅಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲ.

"ಅಣ್ಣಾ, ನಾನು. ಇಲ್ಲ, ಇವತ್ತು ಏನೂ ಬೇಡ. ನಿಮ್ಮ ಎದುರುಗಡೆ ಕೋಲ್ಡ್ ಸ್ಟೋರೇಜಿದೆಯಲ್ಲ, ಹೌದು ನಮ್ಮದೇ, ಅಲ್ಲಿ ಮೂರನೇ ಕೋಣೆ ಬಾಗಿಲು ತೆಗೀರಿ. ನೀವೇ ಹೋಗ್ಬೇಕು ಅಣ್ಣಾ. ಜಗಳ ಆಮೇಲೆ ಆಡಿ. ಒಳಗೆ ಒಬ್ಬರಿಗೆ ಉಸಿರು ಹೋಗ್ತಿದೆ."

ಫೋನ್ ಯಾರಿಗೆಂದು ನಾನು ತಿಳಿದುಕೊಂಡೆ. ರಸ್ತೆಯ ಆ ಬದಿಯಲ್ಲಿ ಒಂದು ಆಲೂಗಡ್ಡೆ ಮಂಡಿ ಇತ್ತು. ಅದರ ಮಾಲೀಕರಿಗೂ ನಮ್ಮ ಯಜಮಾನರಿಗೂ ಚರಂಡಿಯ ವಿಷಯಕ್ಕೆ ಮಾತು ಬಿಟ್ಟು ಹೋಗಿ ವರ್ಷಗಳಾಗಿದ್ದವು. ಅವರ ಕಡೆಯವರ ಜೊತೆ ಮಾತಾಡಬಾರದು, ಅವರ ಅಂಗಡಿ ಮೆಟ್ಟಿಲು ಹತ್ತಬಾರದು ಎಂದು ನಮಗೆಲ್ಲ ಆಜ್ಞೆಯಿತ್ತು. ನಮ್ಮ ಜಾಲದ ಚಿತ್ರದಲ್ಲಿ ಅವರು ಒಂದು ಸೊನ್ನೆಯೂ ಆಗಿರಲಿಲ್ಲ.

ಬಾಗಿಲು ತೆರೆದಾಗ ಬಂದ ಬೆಳಕನ್ನು ನನಗೆ ನೋಡಲಾಗಲಿಲ್ಲ, ಕಣ್ಣು ಮುಚ್ಚಿಕೊಂಡೆ. ಮಂಡಿ ಮಾಲೀಕರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ಹಿಂದೆ ಅವರ ಇಬ್ಬರು ಆಳುಗಳು, ಅವರ ಹಿಂದೆ ಅವರನ್ನು ತಡೆಯಲು ಬಂದ ನಮ್ಮ ಕಾವಲುಗಾರ.

"ಏನ್ ಸ್ವಾಮಿ, ಆಲೂಗಡ್ಡೆ ಜೊತೆ ನೀವೂ ಸ್ಟೋರಾಗಿಬಿಟ್ರಾ?" ಎಂದು ಶುರು ಮಾಡಿದವರು ಮ್ಯಾನೇಜರ ಮುಖ ನೋಡಿ ಮಾತು ನಿಲ್ಲಿಸಿದರು. ತುಟಿ ನೀಲಿಯಾಗಿತ್ತು. ಅವರೇ ಕಂಕುಳಿಗೆ ಕೈ ಕೊಟ್ಟು ಎತ್ತಿ, ರಸ್ತೆ ದಾಟಿಸಿ, ತಮ್ಮ ಅಂಗಡಿಯ ಮುಂದಿನ ಬಿಸಿಲಿನಲ್ಲಿ ಚೀಲಗಳ ಮೇಲೆ ಕೂರಿಸಿದರು. ನಾನು ಮ್ಯಾನೇಜರ ಜೇಬಿನಿಂದ ಬೀಗದ ಕೈ ತೆಗೆದು, ಓಡಿ ಹೋಗಿ, ಚಪ್ಪಲಿ ಸಮೇತ ಯಂತ್ರದ ಕೋಣೆಗೆ ನುಗ್ಗಿ ಮಾತ್ರೆಯ ಚೀಲ ತಂದೆ. ಪರದೆಯ ಕಡೆ ನೋಡಲಿಲ್ಲ. ಮಾತ್ರೆ ನುಂಗಿ, ಬಿಸಿನೀರು ಕುಡಿದು, ಬಹಳ ಹೊತ್ತಿನ ಮೇಲೆ ಮ್ಯಾನೇಜರಿಗೆ ಒಂದು ಮಾತಿಗಾಗುವಷ್ಟು ಉಸಿರು ಬಂತು. ಅವರು ಮಂಡಿ ಮಾಲೀಕರನ್ನೇ ನೋಡುತ್ತಾ ನನ್ನನ್ನು ಕೇಳಿದರು:

"ಇವರನ್ನ ಕಾಂಪೌಂಡ್ ಒಳಗೆ ಯಾರು ಬಿಟ್ಟಿದ್ದು?"

ಮಾಲೀಕರು ನಕ್ಕುಬಿಟ್ಟರು. "ಪರವಾಗಿಲ್ಲ ಕಣ್ರೀ, ಪ್ರಾಣ ಬಂದಿದೆ," ಎಂದು ಆಳಿಗೆ ಇನ್ನೊಂದು ಲೋಟ ಬಿಸಿನೀರು ತರಲು ಹೇಳಿದರು.

ಬಾಗಿಲು ಹಾಕಿದ್ದು ಕಾವಲುಗಾರ. ಅಮೃತಹಳ್ಳಿ ಕಡೆಯ ರೈತರ ಮನೆಯವನು, ವಯಸ್ಸಾದವನು. ಅವನಲ್ಲಿ ಮುಚ್ಚುಮರೆ ಇರಲಿಲ್ಲ. "ತೆಗೆದಿತ್ತು, ಆಕ್ದೆ. ಲೈಟು ಉರೀತಿತ್ತು, ಆರಿಸ್ದೆ. ಇಂಗೆ ಮಾಡು ಅಂತ ಏಳಿದ್ದೇ ಅವ್ರು," ಎಂದ. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ನಮಾಜು ಮುಗಿಸಿ ಬಂದ ಹಮಾಲಿ ಮೇಸ್ತ್ರಿ ನಮ್ಮನ್ನು ಎದುರಿನ ಮಂಡಿಯ ಬಿಸಿಲಿನಲ್ಲಿ ಕಂಡು, "ಕ್ಯಾ ಹುವಾ ಸಾಬ್?" ಎಂದ. ಕಥೆ ಕೇಳಿ, "ನಮ್ದುಕ್ಕೆ ಒಂದು ಕೂಗು ಹಾಕೋಕೆ ಯಾರೂ ಇರ್ಲಿಲ್ವಾ ಸಾಬ್? ಮಸೀದಿ ಇಲ್ಲೇ ಪಕ್ಕದಾಗೇ ಐತಲ್ಲ," ಎಂದು ಬೇಸರಪಟ್ಟ.

ಮರುವಾರ ಹೆಡ್ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಟೈ ಕಟ್ಟಿದ ಸಲಹೆಗಾರರೂ ಬಂದಿದ್ದರು. ಅವರು ಎರಡೂ ಲೈನುಗಳನ್ನು ಪರೀಕ್ಷಿಸಿ, ಆ ದಿನ ಒಂದು ಅಕ್ಷರವೂ ದಾರಿಯಲ್ಲಿ ಕಳೆದುಹೋಗಿಲ್ಲ ಎಂದು ಖಚಿತಪಡಿಸಿದರು. ಕಳಿಸಿದ್ದು ತಲುಪಿದೆ, ತಲುಪಿದ್ದಕ್ಕೆ ಉತ್ತರ ಬಂದಿದೆ, ವ್ಯವಸ್ಥೆ ತನ್ನ ಕೆಲಸ ಮಾಡಿದೆ. ಯಜಮಾನರು ತಲೆಯಾಡಿಸಿದರು. ನನ್ನನ್ನು ಕೇಳಿದಾಗ ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಉಸಿರಿನ ನಡುವಿನ ಆ ಜಾಗದ ವಿಷಯ ಹೇಳಲು ಹೋದಾಗ ಯಜಮಾನರು, "ಅದೆಲ್ಲ ಆಯ್ತು ಬಿಡಿ. ಹೊರಗಿನ ಕಾಲ್ ಯಾರು ಮಾಡಿದ್ದು, ಅದನ್ನ ಹೇಳಿ," ಎಂದರು. ಅವರ ದೃಷ್ಟಿಯಲ್ಲಿ ಆ ದಿನ ಒಂದೇ ಒಂದು ಸಂದೇಶ ದಾರಿ ತಪ್ಪಿತ್ತು. ಬಾಗಿಲು ತೆರೆಸಿದ್ದು ಅದೇ.

ಆಪರೇಟರ್ ಮೇಡಂಗೆ ಮೆಮೊ ಕೊಡಬೇಕೆಂದು ತೀರ್ಮಾನವಾಯಿತು. ಕೋಲ್ಡ್ ಸ್ಟೋರೇಜಿನ ವಿಷಯವಾದ್ದರಿಂದ ಅದಕ್ಕೆ ಸಹಿ ಹಾಕಬೇಕಾದವರು ಮ್ಯಾನೇಜರು. ಮರುದಿನ ಅವರು ನನ್ನನ್ನೂ ಕರೆದುಕೊಂಡು ಹೆಡ್ ಆಫೀಸಿಗೆ, ಮೇಡಂ ಕೂರುವಲ್ಲಿಗೆ ಹೋದರು. ಮೆಟ್ಟಿಲು ಹತ್ತಿದ್ದಕ್ಕೆ ಅವರಿಗೆ ಏದುಸಿರು ಬಂದಿತ್ತು. ಕೂತು, ಪೆನ್ನಿನ ಮುಚ್ಚಳ ತೆಗೆದು, ಕಾಗದ ನೋಡುತ್ತಾ ಕೇಳಿದರು: "ಆ ಮಂಡಿ ನಂಬರ್ ನಿಮಗೆ ಹೇಗ್ರೀ ಬಾಯಿಪಾಠ ಇತ್ತು?"

"ಅಲ್ಲೇ ಆಲೂಗಡ್ಡೆ ತರಿಸೋದು ಸಾರ್, ಮನೆಗೆ."

"ನಮ್ಮಲ್ಲಿ ಅಷ್ಟು ಆಲೂಗಡ್ಡೆ ಇರುವಾಗ?"

ಮೇಡಂ ನನ್ನ ಕಡೆ ಒಮ್ಮೆ ನೋಡಿದರು. "ನಮ್ಮದು ಸಿಹಿ ಆಗಿರುತ್ತೆ ಸಾರ್. ಕೋಲ್ಡ್ ಸ್ಟೋರೇಜಲ್ಲಿ ಇಟ್ಟಿದ್ದು ಹಾಗೇ. ಪಲ್ಯಕ್ಕೆ ಬರಲ್ಲ. ಆ ಅಣ್ಣ ಹೊಸ ಬೆಳೆ ಇಟ್ಕೊಂಡಿರ್ತಾರೆ. ನಮ್ಮ ಬೀದಿಯೋರೆಲ್ಲ ಅಲ್ಲೇ ತರಿಸೋದು."

ಇಡೀ ಕಂಪನಿಗೆ ಗೊತ್ತಿದ್ದ ಈ ವಿಷಯ ಮ್ಯಾನೇಜರಿಗೆ ತಿಳಿದಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಮೆಮೊವನ್ನು ಮಡಿಸಿ ಷರ್ಟಿನ ಜೇಬಿನಲ್ಲಿಟ್ಟುಕೊಂಡರು. "ಭಾವ ಕೇಳಿದ್ರೆ ಕೊಟ್ಟಾಯ್ತು ಅಂತ ಹೇಳ್ತೀನಿ," ಎಂದು ಎದ್ದರು. ಥ್ಯಾಂಕ್ಸ್ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಬಾಗಿಲ ಹತ್ತಿರ ಹೋದವರು ನಿಂತು, "ಊಟ ಆಯ್ತಾ ನಿಮ್ಮದು?" ಎಂದು ಮಾತ್ರ ಕೇಳಿದರು. ಆಗ ಮಧ್ಯಾಹ್ನ ಮೂರು ದಾಟಿತ್ತು. ಮೇಡಂ ಆಯಿತು ಎಂದರು.

ವಿಚಾರಣೆಯ ಫಲವಾಗಿ ಒಂದು ಹೊಸ ನಿಯಮ ಬಂತು. ಕೋಣೆಗಳ ಒಳಗೆ ಸಿಕ್ಕಿಬೀಳುವ ಸಿಬ್ಬಂದಿ ಅದನ್ನು ಮುಂಚಿತವಾಗಿ ತಿಳಿಸತಕ್ಕದ್ದು. ಇದನ್ನು ಟೈಪ್ ಮಾಡಿ ಯಂತ್ರದ ಕೋಣೆಯ ಒಳಗಡೆ ಅಂಟಿಸಿದ್ದರು. ಹಮಾಲಿಗಳು ಆ ಕೋಣೆಗೆ ಹೋಗುವಂತಿರಲಿಲ್ಲ, ಹೋದರೂ ಇಂಗ್ಲಿಷ್ ಬರುತ್ತಿರಲಿಲ್ಲ.

ನಾನು ಮೂರನೇ ಕೋಣೆಗೆ ಹೋಗುವುದನ್ನು ನಿಲ್ಲಿಸಿದ್ದೆ. ಹೋಗುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಒಂದನೇ ಕೋಣೆಯ ಕೆಲಸ, ನಾಲ್ಕನೇ ಕೋಣೆಯ ಕೆಲಸ ಎಂದು ಏನಾದರೂ ಹುಡುಕಿಕೊಳ್ಳುತ್ತಿದ್ದೆ. ಅಲ್ಲೂ ಹಮಾಲಿಗಳಿಗೆ ಹೇಳಿ ಹೊಸ್ತಿಲಿಗೆ ಅಡ್ಡವಾಗಿ ಒಂದು ಚೀಲ ಕೆಡವಿಸಿಯೇ ಒಳಗೆ ಕಾಲಿಡುತ್ತಿದ್ದೆ. ಕರೆಂಟು ಸೋರುತ್ತಿತ್ತು. ಮ್ಯಾನೇಜರು ಅದನ್ನು ನೋಡಿ ಹಾಗೇ ಮುಂದೆ ಹೋದರು.

ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು, "ಬನ್ನಿ, ಹೋಗ್ಬರೋಣ," ಎಂದು ರಸ್ತೆ ದಾಟಿದರು. ನೇರವಾಗಿ ಎದುರು ಮಂಡಿಯ ಮೆಟ್ಟಿಲು ಹತ್ತಿದರು. ನಾನೂ ಹತ್ತಿದೆ. ಮಂಡಿ ಮಾಲೀಕರು ಕುರ್ಚಿ ಎಳೆದು ಕೊಟ್ಟರು, ಟೀ ತರಿಸಿದರು. ಇಬ್ಬರೂ ಬಹಳ ಹೊತ್ತು ಮಳೆಯ ವಿಷಯ ಮಾತಾಡಿದರು. ಟೀ ಮುಗಿದ ಮೇಲೆ ಮಾಲೀಕರೇ ಹೇಳಿದರು:

"ತಪ್ಪು ತಿಳ್ಕೋಬೇಡಿ. ಆ ಬಾಗಿಲಿಗೆ ಒಳಗಡೆಯಿಂದ ತೆಗೆಯೋ ಹಾಗೆ ಒಂದು ಹಿಡಿ ಇಡಿಸಬಾರದಾ?"

"ಅದಕ್ಕೆ ಹೆಡ್ ಆಫೀಸ್ ಒಪ್ಪಬೇಕು," ಎಂದರು ಮ್ಯಾನೇಜರು.

"ಹೂಂ. ಕೇಳ್ತೀರಾ?"

ಮ್ಯಾನೇಜರು ಲೋಟವನ್ನು ಕೆಳಗಿಟ್ಟರು. ಅವರ ಎದೆಯ ಸೀಟಿ ಅಂದು ಸಣ್ಣದಾಗಿ ಕೇಳುತ್ತಲೇ ಇತ್ತು, ಬೆಳಗಿನ ಚಳಿ. "ನಿಮ್ಮ ಕಡೆ ಬಡಗಿ ಯಾರಾದ್ರೂ ಇದಾರಾ?" ಎಂದು ಕೇಳಿದರು.

ಬಡಗಿ ಅದೇ ಮಧ್ಯಾಹ್ನ ಬಂದ. ಎಲ್ಲ ಕೋಣೆಗಳ ಬಾಗಿಲಿಗೂ ತೂತು ಕೊರೆದು, ಹೊರಗಿನ ಚಿಲಕವನ್ನು ಒಳಗಿನಿಂದ ಎತ್ತುವಂಥ ಒಂದೊಂದು ಕಬ್ಬಿಣದ ಹಿಡಿ ಕೂರಿಸಿದ. ಮೂರನೇ ಕೋಣೆ ಕೊನೆಗೆ ಬಂತು. ಕೆಲಸ ಮುಗಿದ ಮೇಲೆ ಯಾರಾದರೂ ಒಳಗೆ ಹೋಗಿ ಪರೀಕ್ಷಿಸಬೇಕಿತ್ತು. ಹಮಾಲಿ ಮೇಸ್ತ್ರಿ ಮುಂದೆ ಬಂದ. ಮ್ಯಾನೇಜರು ನನ್ನನ್ನು ನೋಡಿದರು. ನನಗೆ ಇಷ್ಟವಿರಲಿಲ್ಲ. ಆದರೆ ಬೇರೆಯವರು ಪರೀಕ್ಷಿಸಿದರೆ ನಾನು ನಂಬುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಒಳಗೆ ಹೋಗಿ ನಿಂತೆ.

ಮ್ಯಾನೇಜರು ಬಾಗಿಲು ದೂಡಿ ಚಿಲಕ ಇಳಿಸಿದರು. ಕೈ ಅಭ್ಯಾಸದಲ್ಲಿ ಲೈಟನ್ನೂ ಆರಿಸಿದರು. ಫ್ಯಾನುಗಳ ಸದ್ದು, ಅದೇ ಗಾಳಿ ಬೆನ್ನಿಗೆ. ನಾನು ಹಿಡಿಯನ್ನು ತಡವಿದೆ. ಮೊದಲು ಸಿಗಲಿಲ್ಲ. ಸಿಕ್ಕಿತು. ಎತ್ತಿ ಹೆಗಲು ಕೊಟ್ಟೆ. ಬಾಗಿಲು ತೆರೆಯಿತು.

ಹೊರಗೆ ಮ್ಯಾನೇಜರು ನಿಂತಿದ್ದರು. "ಆಯ್ತಾ?" ಎಂದರು.

"ಆಯ್ತು ಸಾರ್," ಎಂದೆ. ಆದರೂ ಹೊರಗೆ ಬರಲಿಲ್ಲ. "ಇನ್ನೊಂದ್ಸಲ ಹಾಕಿ."